ಸೀರೆ ಗಾರ್ಡ್ ಒಮ್ಮೆಯೂ ಬಳಸಿಲ್ಲ

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಪೇಪರ್ ಓದುವ ಪದ್ಧತಿ ನಿಂತು ಬಹಳ ವರ್ಷವಾಯಿತು. ಅದರ ಬದಲಿಗೆ ನಮ್ಮ ಯಜಮಾನರು ಫೋನಿನಲ್ಲಿ ಹಳೆ ಬೈಕುಗಳ ಜಾಹೀರಾತು ಓದುತ್ತಾರೆ, ನಾನು ತೀರ್ಪು ಕೊಡುತ್ತೇನೆ. ಕೊಳ್ಳುವ ಉದ್ದೇಶ ಇಬ್ಬರಿಗೂ ಇಲ್ಲ. ಬೇರೆಯವರ ಮನೆ ಮದುವೆಗೆ ಹೋಗಿ ಬಂದು ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎಂದು ಮಾತಾಡಿಕೊಳ್ಳುವ ಸುಖವೇ ಇದರಲ್ಲೂ ಇದೆ.

"ಹತ್ತೊಂಬತ್ತು ಸಾವಿರ ಕಿಲೋಮೀಟರ್ ಓಡಿದೆ ಅಂತಾನೆ ಕಣೇ. ಶೋರೂಂ ಕಂಡೀಷನ್ನಂತೆ."

"ಬ್ರೇಕ್ ಪೆಡಲ್ ಫೋಟೋ ದೊಡ್ಡದು ಮಾಡಿ ತೋರ್ಸಿ."

ಅವರು ಎರಡು ಬೆರಳಲ್ಲಿ ಹಿಗ್ಗಿಸಿ ತೋರಿಸುತ್ತಾರೆ. ಪೆಡಲ್ ಸವೆದು ಸವೆದು ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿರುತ್ತದೆ.

"ಹತ್ತೊಂಬತ್ತಲ್ಲ ರೀ, ತೊಂಬತ್ತು. ಮೀಟರ್ ತಿರುಗಿಸೋದು ಸುಲಭ, ಪೆಡಲ್ ಮೇಲೆ ಕಬ್ಬಿಣ ಬೆಳೆಸೋಕಾಗುತ್ತಾ?"

ಮುಂದಿನದು. ಎಡಗಡೆಯಿಂದ ತೆಗೆದ ಫೋಟೋ ಆರು, ಬಲಗಡೆಯದು ಒಂದೂ ಇಲ್ಲ. ಗಂಡಿನ ಫೋಟೋ ಹೀಗೆ ಬಂದಿದ್ದರೆ ನಮ್ಮಮ್ಮ ಜಾತಕದ ಸಮೇತ ವಾಪಸ್ ಕಳಿಸುತ್ತಿದ್ದಳು. ಆಮೇಲೆ ನೀರು ಸುರಿದು ಒದ್ದೆಯಾಗಿರುವಾಗಲೇ ತೆಗೆದ ಫೋಟೋಗಳು. ಒದ್ದೆ ಬೈಕು ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಅದರ ನಿಜವಾದ ಬಣ್ಣ. ಶ್ರೀಗಂಧದ ಕಾವಲು ಬಡಾವಣೆಯ ಒಬ್ಬ ಪುಣ್ಯಾತ್ಮನಂತೂ "ಫಾರಿನ್‌ಗೆ ಹೋಗ್ತಾ ಇದೀನಿ, ಅರ್ಜೆಂಟ್ ಸೇಲ್" ಎಂದು ಎರಡು ವರ್ಷದಿಂದ ಹಾಕುತ್ತಲೇ ಇದ್ದಾನೆ. ಅವನ ವಿಮಾನ ಇನ್ನೂ ಬಂದಿಲ್ಲ ಪಾಪ ಎಂದು ನಾವು ಆಗಾಗ ಮರುಗುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು "ಲೇಡಿ ಡ್ರಿವನ್" ಎಂಬ ಜಾಹೀರಾತು. ಹೆಂಗಸು ಓಡಿಸಿದ್ದು, ಅಂದರೆ ಮೆಲ್ಲಗೆ, ಹೂವಿನ ಹಾಗೆ, ದೇವಸ್ಥಾನಕ್ಕೂ ತರಕಾರಿ ಅಂಗಡಿಗೂ ಮಾತ್ರ ಎಂದು ಅರ್ಥವಂತೆ. ಅದನ್ನು ಓದಿದಾಗಲೆಲ್ಲ ಯಜಮಾನರು ಕಾಫಿ ಲೋಟದ ಮೇಲಿಂದ ನನ್ನನ್ನು ಒಮ್ಮೆ ನೋಡುತ್ತಾರೆ.

ಯಾಕೆಂದರೆ ನಮ್ಮ ಮನೆಯಲ್ಲಿ ಬೈಕ್ ಓಡಿಸುವವಳು ನಾನು. ಅವರಿಗೆ ಬರುವುದಿಲ್ಲ. ಮದುವೆಗೆ ಮುಂಚೆ ವಿಜಯನಗರದಲ್ಲಿ ಗೆಳೆಯನ ಬೈಕಿನಲ್ಲಿ ಕಲಿಯಲು ಹೋಗಿ ಹೂವಿನ ತಳ್ಳುಗಾಡಿಗೆ ಗುದ್ದಿದರಂತೆ. ಹೂವಿನವಳು ಬೈದದ್ದು ಇವತ್ತಿಗೂ ಒಂದಕ್ಷರ ಬಿಡದೆ ನೆನಪಿದೆಯಂತೆ, ನನಗೆ ಮಾತ್ರ ಹೇಳುವುದಿಲ್ಲ. ಅಂದಿನಿಂದ ಹ್ಯಾಂಡಲ್ ಮುಟ್ಟಿಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಬಸವೇಶ್ವರನಗರದಿಂದ ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು, ಎರಡರಲ್ಲೂ ನಿಲ್ಲಬೇಕು. ಒಂದು ವರ್ಷ ಸಹಿಸಿದೆ. ಆಮೇಲೆ ನಮ್ಮಣ್ಣನನ್ನು ಹಿಡಿದು ರಾಜಾಜಿನಗರದ ಒಂದು ಮೈದಾನದಲ್ಲಿ ಬೈಕ್ ಕಲಿತೆ. ಸ್ಕೂಟರ್ ಯಾಕಲ್ಲ ಎಂದು ಬಂಧುಗಳೆಲ್ಲ ಕೇಳಿದರು. ಅಣ್ಣನ ಹತ್ತಿರ ಇದ್ದದ್ದು ಬೈಕು, ನಾನು ಕಲಿತದ್ದು ಬೈಕು, ಇದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ಮೊದಲ ಬೈಕಿನಲ್ಲಿ ಚೆನ್ನಾಗಿಯೇ ಟೋಪಿ ಹಾಕಿಸಿಕೊಂಡೆ. "ಡಾಕ್ಟರ್ ಓಡಿಸಿದ್ದು" ಎಂದು ಮಾರಿದವನು ಹೇಳಿದ್ದ. ನಾನು ಹೋದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ನನಗೋ ಸಂತೋಷ. ಮಾರನೆಯ ಬೆಳಿಗ್ಗೆ ನಲವತ್ತು ಕಿಕ್ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ. ತಳ್ಳಿಕೊಂಡು ಹೋದಾಗ ನಮ್ಮ ರಸ್ತೆಯ ಮೆಕ್ಯಾನಿಕ್ ನಕ್ಕರು.

"ನೀವು ಹೋಗೋಕೆ ಮುಂಚೆನೇ ಅವ್ನು ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದ ಮೇಡಂ. ಬಿಸಿ ಎಂಜಿನ್ನು ಎಂಥದಾದ್ರೂ ಒಂದೇ ಕಿಕ್ಕಿಗೆ ಬರುತ್ತೆ. ಹಳೇ ಗಾಡಿ ನೋಡೋಕೆ ಹೋದ್ರೆ ಮೊದ್ಲು ಎಂಜಿನ್ ಮೇಲೆ ಅಂಗೈ ಇಡಿ. ಬಿಸಿ ಇದ್ರೆ ಕಾಫಿ ಕುಡ್ದು ವಾಪಸ್ ಬನ್ನಿ."

ಆ ಮಾತು ನನಗೆ ಮಂತ್ರವಾಯಿತು. ಆಮೇಲೆ ನಾನು ಯಾರ ಯಾರದೋ ಪರವಾಗಿ ಎಷ್ಟು ಎಂಜಿನ್ನುಗಳ ಮೇಲೆ ಕೈಯಿಟ್ಟಿದ್ದೇನೋ ಲೆಕ್ಕವಿಲ್ಲ. ಕಾರ್ಖಾನೆಯವರು, ಅವರ ಬಾವಮೈದುನರು, ನಮ್ಮ ರಸ್ತೆಯವರು, ಎಲ್ಲರಿಗೂ ನಾನೇ ಬೇಕು. ಒಮ್ಮೆ ಲಗ್ಗೆರೆಯಲ್ಲಿ ಒಬ್ಬರ ಮನೆಗೆ ಹೋದರೆ ಬೈಕು ಬಾಗಿಲಲ್ಲಿ, ಎಂಜಿನ್ ಕೆಂಡದ ಹಾಗೆ. "ಬಿಸಿಲಿಗೆ ನಿಲ್ಸಿದ್ವಿ ಮೇಡಂ" ಎಂದರು ಮನೆಯವರು. ಅವತ್ತು ಬೆಳಗಿನಿಂದ ಜಿಟಿಜಿಟಿ ಮಳೆ. ಅವರ ಮುಂದೆಯೇ ನಾನು ನಕ್ಕುಬಿಟ್ಟೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಯಜಮಾನರು ಹೇಳುವುದರಲ್ಲಿ ಸುಳ್ಳಿಲ್ಲ.

ಎರಡನೆಯ ಬೈಕನ್ನು ಹಾಗೆ ಅಂಗೈಯಿಟ್ಟು, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡೇ ಕೊಂಡೆ. ಇಪ್ಪತ್ತೆರಡು ವರ್ಷವಾಯಿತು, ಇವತ್ತಿಗೂ ಅದೇ. ನೂರು ಸಿಸಿ, ಕಪ್ಪು ಬಣ್ಣ, ಸೆಲ್ಫ್ ಸ್ಟಾರ್ಟ್ ಇಲ್ಲ. ಬೆಳಿಗ್ಗೆ ಚೋಕ್ ಎಳೆದು ನಾಲ್ಕು ಕಿಕ್. ಜೋರು ಮಳೆ ಬಂದರೆ ನಿಲ್ಲಿಸಿ ಪ್ಲಗ್ಗಿನ ಕ್ಯಾಪ್ ಒರೆಸಬೇಕು. ಪೀಣ್ಯದ ಲಾರಿಗಳ ನಡುವೆ ನಾನು ಅದನ್ನು ಓಡಿಸಿದ ರೀತಿ ನೋಡಿದ್ದರೆ "ಲೇಡಿ ಡ್ರಿವನ್" ಎಂದು ಯಾರೂ ಯಾವತ್ತೂ ಜಾಹೀರಾತಿನಲ್ಲಿ ಬರೆಯುತ್ತಿರಲಿಲ್ಲ. ಎರಡು ಸಲ ಬಿದ್ದಿದ್ದೇನೆ, ಒಂದು ಸಲ ಬೇರೆಯವರನ್ನು ಬೀಳಿಸಿದ್ದೇನೆ. ಅದರಲ್ಲಿ ಸವೆಯದೆ ಉಳಿದ ಭಾಗ ಒಂದೇ, ಸೀರೆ ಗಾರ್ಡ್. ಹಿಂದಿನ ಚಕ್ರದ ಎಡಗಡೆ ಇರುವ ಕಬ್ಬಿಣದ ಜಾಲರಿ. ಸೀರೆಯುಟ್ಟವರು ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತಾಗ ಸೆರಗು ಚಕ್ರಕ್ಕೆ ಸಿಕ್ಕದಿರಲೆಂದು ಅದು, ಅದರ ಕೆಳಗೆ ಪಾದವಿಡಲು ಒಂದು ಅಗಲವಾದ ಪಟ್ಟಿ. ನಮ್ಮಲ್ಲಿ ನಾನು ಚೂಡಿದಾರ್ ಹಾಕಿ ಮುಂದೆ ಕೂರುವವಳು, ಅವರು ಪ್ಯಾಂಟು ಹಾಕಿ ಹಿಂದೆ ಎರಡೂ ಕಡೆ ಕಾಲು ಬಿಟ್ಟು ಕೂರುವವರು. ಕೊಂಡ ಹೊಸದರಲ್ಲಿ ಪೇಂಟು ಮಾಡಿಸಿದ ಆ ಪಟ್ಟಿಯ ಮೇಲೆ ಆಮೇಲೆ ಒಂದು ಪಾದವೂ ಬಿದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕೆಂಗೇರಿ ಕಡೆಗೆ ಹೋಗಿ ಒಂದು ಸಣ್ಣ ಹೋಟೆಲಿನಲ್ಲಿ ಖಾಲಿ ದೋಸೆ ತಿಂದು ಬರುತ್ತೇವೆ. ದೋಸೆ ನೆಪ. ನಮ್ಮ ಯಜಮಾನರು ಮನೆಯಲ್ಲಿ ಬಹಳ ಕಡಿಮೆ ಮಾತಿನವರು, ಜಾಹೀರಾತು ಓದುವುದು ಬಿಟ್ಟರೆ ಹೂಂ, ಊಹೂಂ ಅಷ್ಟೇ. ಬೈಕಿನ ಹಿಂದೆ ಕೂತು ನನ್ನ ಮುಖ ಕಾಣದಂತಾದ ಮೇಲೆ ಬಾಯಿ ಬಿಡುತ್ತಾರೆ. ಅವರಪ್ಪನಿಗೆ ಕಾಯಿಲೆ ಎಂದು ನನಗೆ ಮೊದಲು ತಿಳಿದದ್ದು ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ. ಆಫೀಸಿನಲ್ಲಿ ಯಾರೋ ಅವಮಾನ ಮಾಡಿದ್ದು, ನಿವೃತ್ತಿಯ ಹಿಂದಿನ ವಾರದ ಭಯ, ಒಮ್ಮೆ ಯಾವ ಕಾರಣವೂ ಇಲ್ಲದೆ "ನಿನ್ನ ಮದ್ವೆ ಆಗಿದ್ದು ಒಳ್ಳೇದಾಯ್ತು ಕಣೇ" ಎಂದದ್ದು, ಎಲ್ಲವೂ ನನ್ನ ಬಲಗಿವಿಯ ಹಿಂದಿನಿಂದಲೇ ಬಂದವು. ಆ ಸಲ ನಾನು ಗೇರ್ ಬದಲಿಸುವುದನ್ನೇ ಮರೆತಿದ್ದೆ.

ಹೋದ ವರ್ಷ ಅವರು ಹಿತ್ತಿಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಕೋಲು ಹಿಡಿದರು, ಕೋಲು ಬಿಟ್ಟರು. ಕ್ಲಿನಿಕ್ಕಿನಲ್ಲಿ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಒಂದೇ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದಳು. ನಡೀರಿ, ಮೆಟ್ಟಿಲು ಹತ್ತಿ, ಆದರೆ ಆ ಕಾಲನ್ನು ಪಕ್ಕಕ್ಕೆ ಎತ್ತಿ ಬೀಸಬೇಡಿ. ಬೈಕ್ ಹತ್ತುವುದೆಂದರೆ ಅದೇ ತಾನೆ. ಎಲ್ಲ ಸರಿಹೋಯಿತೆಂದು ಒಂದು ಭಾನುವಾರ ಗೇಟಿನ ಹತ್ತಿರ ಪ್ರಯತ್ನ ಮಾಡಿದೆವು. ಕಾಲು ಅರ್ಧ ಮೇಲೆದ್ದು ಅಲ್ಲೇ ನಿಂತಿತು. ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು, ಕನ್ನಡಿಯಲ್ಲಿ ನೋಡಿದರೆ ಮುಖ ಬಿಳಿಚಿಕೊಂಡಿತ್ತು. ಇಳಿದು ಒಳಗೆ ಹೋದರು. ಒಂದು ವಾರ ಜಾಹೀರಾತು ಓದಲಿಲ್ಲ.

ಆ ವಾರ ನಾನು ತೀರ್ಮಾನ ಮಾಡಿದೆ. ಬೈಕ್ ಮಾರಿ, ಅವರು ಕಾಲು ಹೆಚ್ಚು ಎತ್ತದೆ ಹತ್ತುವಂಥ ತಗ್ಗು ಸೀಟಿನ ಸ್ಕೂಟರ್ ತರುವುದು. ಎರಡೂ ಇಟ್ಟುಕೊಳ್ಳಲು ನಮ್ಮ ಗೇಟಿನೊಳಗೆ ಜಾಗವಿಲ್ಲ, ಮಹಡಿಯ ಬಾಡಿಗೆಯವರ ಗಾಡಿಯೂ ಅಲ್ಲೇ ನಿಲ್ಲಬೇಕು. ಹೇಳಿದಾಗ ಯಜಮಾನರು ತಲೆಯಾಡಿಸಿದರು.

"ಬೇಡ ಕಣೇ. ನೀನು ಬೈಕಲ್ಲಿ ಹೋಗು, ನಾನು ಆಟೋದಲ್ಲಿ ಹಿಂದೆ ಬರ್ತೀನಿ."

"ಆಟೋದವನಿಗೆ ನಿಮ್ಮ ಮನಸ್ಸಿನ ಮಾತೆಲ್ಲ ಹೇಳ್ತೀರಾ?"

ತಮಾಷೆಗೆ ಕೇಳಿದೆ, ಆದರೆ ನನಗೇ ನಗು ಬರಲಿಲ್ಲ. ಬೈಕು ಹೋದರೆ ಹೊಟ್ಟೆ ಉರಿಯುತ್ತದೆ, ಆದರೆ ಭಾನುವಾರ ಹೋದರೆ ನನ್ನ ಪಾಲಿಗೆ ಏನೂ ಉಳಿಯುವುದಿಲ್ಲ. ಎರಡರಲ್ಲಿ ಒಂದು ಎಂದಾಗ ಯೋಚಿಸುವಂಥದ್ದೇನೂ ಇರಲಿಲ್ಲ.

ಜಾಹೀರಾತು ಬರೆಯಲು ಕೂತೆ. ಇಷ್ಟು ವರ್ಷ ಬೇರೆಯವರ ಸುಳ್ಳು ಹಿಡಿದವಳು, ನನ್ನದರಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಬಾರದು ಎಂಬ ಹಟ. ಒಣಗಿದ ಬೈಕಿನ ಫೋಟೋ, ನಾಲ್ಕೂ ಕಡೆಯಿಂದ. ಟ್ಯಾಂಕಿನ ಬಲಗಡೆ ನೆಗ್ಗಿದೆ. ಚೋಕ್ ಎಳೆದು ನಾಲ್ಕು ಕಿಕ್. ಮಳೆಯಲ್ಲಿ ಕ್ಯಾಪ್ ಒರೆಸಬೇಕು. ಎರಡು ಸಲ ಬಿದ್ದಿದೆ. ಇಪ್ಪತ್ತೆರಡು ವರ್ಷದಿಂದ ಹೆಂಗಸು ಓಡಿಸಿದ್ದು. ಸೀರೆ ಗಾರ್ಡ್ ಒಮ್ಮೆಯೂ ಬಳಸಿಲ್ಲ. ಎಂಜಿನ್ ತಣ್ಣಗಿರುವಾಗಲೇ ಬಂದು ನೋಡಿ. ಯಜಮಾನರಿಗೆ ಓದಿ ಹೇಳಿದೆ. ಸೀರೆ ಗಾರ್ಡಿನ ಸಾಲು ಬಂದಾಗ ಅವರು ಯಾಕೋ ಕಿಟಕಿಯ ಕಡೆ ತಿರುಗಿದರು. ದುಃಖವಿರಬೇಕು ಎಂದುಕೊಂಡೆ.

ಜಾಹೀರಾತು ಹಾಕಿದ ಮೇಲೆ ಗೊತ್ತಾಯಿತು, ಪೂರ್ತಿ ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಇಷ್ಟೆಲ್ಲ ತಾನಾಗಿಯೇ ಒಪ್ಪಿಕೊಂಡವಳು ಇನ್ನೇನೇನು ಮುಚ್ಚಿಟ್ಟಿದ್ದಾಳೋ ಎಂಬುದು ಕರೆ ಮಾಡಿದವರ ಅನುಮಾನ. ಅದಕ್ಕಿಂತ ದೊಡ್ಡ ಅನುಮಾನ ನನ್ನ ಮೇಲೆಯೇ.

"ಆಂಟಿ, ಗಾಡಿ ಓಡ್ಸೋರಿಗೆ ಫೋನ್ ಕೊಡಿ."

"ಓಡ್ಸೋಳು ನಾನೇ ಕಣಪ್ಪ."

"ಸರಿ ಆಂಟಿ, ಅಂಕಲ್ ಬಂದ್ಮೇಲೆ ಮಾಡ್ತೀನಿ."

ವಿಜಯನಗರದಿಂದ ಇಬ್ಬರು ಹುಡುಗರು ಬಂದು ನೋಡಿದರು. ಒಬ್ಬ ಇನ್ನೊಬ್ಬನಿಗೆ "ಸಕ್ಕತ್ತಾಗಿದೆ ಮಗಾ" ಎನ್ನುವಷ್ಟರಲ್ಲಿ ಜಗುಲಿಯ ಮೇಲೆ ಕೂತಿದ್ದ ಯಜಮಾನರು ಬಾಯಿ ಹಾಕಿದರು. ಚೈನು ಸಡಿಲ, ಹಾರ್ನು ತನಗೆ ಮನಸ್ಸು ಬಂದಾಗ ಮಾತ್ರ ಕೂಗುತ್ತದೆ, ಚಳಿಗಾಲದಲ್ಲಿ ನಾಲ್ಕಲ್ಲ, ಏಳು ಕಿಕ್. ಹುಡುಗರು ಮುಖ ಮುಖ ನೋಡಿಕೊಂಡು "ಬರ್ತೀವಿ ಅಂಕಲ್" ಎಂದು ಹೊರಟರು.

"ಮಾರಬೇಕೋ ಬೇಡವೋ ನಿಮಗೆ?" ಎಂದೆ.

"ನಿಜ ಹೇಳ್ಬೇಕು ಅಂತ ನೀನೇ ಹೇಳಿದ್ದಲ್ಲ" ಎಂದರು, ಮುಖದಲ್ಲಿ ಒಂದು ಗೆರೆ ಕದಲದೆ.

ಆಮೇಲೆ ಕೆಂಗೇರಿಯವರೊಬ್ಬರು ಫೋನ್ ಮಾಡಿದರು. ಐವತ್ತು ದಾಟಿದ ದನಿ, ಹಳೆ ಬೈಕಿನ ಹುಚ್ಚಂತೆ, ಮನೆಯಲ್ಲಿ ಆಗಲೇ ಮೂರಿವೆಯಂತೆ. ನಾನು ಓಡಿಸಿದ್ದು ಎಂದಾಗ ನಗಲಿಲ್ಲ, "ಯಾವ ಆಯಿಲ್ ಹಾಕ್ತೀರಕ್ಕ?" ಎಂದು ಕೇಳಿದರು. ಅಷ್ಟಕ್ಕೇ ನನ್ನ ಮನಸ್ಸು ಒಪ್ಪಿತು. ಕೊಟ್ಟರೆ ಇಂಥವರಿಗೇ ಕೊಡಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ ಎಂದಿದ್ದವರು, ನಾನು ಪಾರ್ಕಿನ ವಾಕಿಂಗ್ ಮುಗಿಸಿ ಏಳೂವರೆಗೆ ವಾಪಸ್ ಬರುವಷ್ಟರಲ್ಲಿ ಆಗ ತಾನೇ ಬಂದು ಗೇಟಿನ ಮುಂದೆ ನಿಂತಿದ್ದರು. ದಾರಿ ಖಾಲಿ ಇತ್ತು, ಬೇಗ ಬಂದುಬಿಟ್ಟೆ ಎಂದರು.

ಅವರು ನೋಡುವ ಕ್ರಮ ನೋಡಿ ನನಗೆ ಗೌರವ ಬಂತು. ಮೊದಲು ಬೈಕನ್ನು ಒಂದು ಸುತ್ತು ಬಂದರು. ಬಗ್ಗಿ ಚೈನ್ ನೋಡಿದರು, ಕೂತು ಸೀರೆ ಗಾರ್ಡ್ ನೋಡಿದರು. ಆಮೇಲೆ ಅಂಗೈಯನ್ನು ಎಂಜಿನ್ ಮೇಲಿಟ್ಟರು. ಸರಕ್ಕನೆ ತೆಗೆದರು.

"ಬಿಸಿ ಇದೆಯಲ್ಲಕ್ಕ."

ನನಗೆ ಅರ್ಥವಾಗಲಿಲ್ಲ. ಹಿಂದಿನ ದಿನ ಸಂಜೆಯಿಂದ ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ನಾನೂ ಕೈಯಿಟ್ಟೆ. ಹೌದು, ಬಿಸಿ. ಬಿಸಿಲಿಗೆ ನಿಲ್ಲಿಸಿದ್ದೆವು ಎಂಬ ಮಾತು ನಾಲಿಗೆಯ ತುದಿಗೆ ಬಂದು, ಲಗ್ಗೆರೆಯವರು ನೆನಪಾಗಿ, ನುಂಗಿಕೊಂಡೆ.

"ಸೀರೆ ಗಾರ್ಡ್ ಬಳಸೇ ಇಲ್ಲ ಅಂತ ಹಾಕಿದ್ದೀರ" ಎಂದು ಅವರು ಆ ಪಟ್ಟಿಯನ್ನು ತೋರಿಸಿದರು. "ಇಲ್ನೋಡಿ, ಪೇಂಟು ಉಜ್ಜಿ ಹೋಗಿದೆ. ಹೊಸದಾಗಿ ಸವೆದಿರೋದು. ಬೇಜಾರ್ ಮಾಡ್ಕೋಬೇಡಿ, ಉಳಿದದ್ದೆಲ್ಲ ನಿಜಾನೇ ಇರ್ಬೋದು. ಆದ್ರೆ ಎರಡು ಸುಳ್ಳು ಸಿಕ್ಕಿದ್ಮೇಲೆ ಮನ್ಸು ಒಪ್ಪಲ್ಲ. ಬರ್ತೀನಕ್ಕ."

ಕಾಫಿಯನ್ನೂ ಕುಡಿಯದೆ ಹೋದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಜೊತೆಗೆ ನಕ್ಕಿರುತ್ತಿದ್ದೆ. ಇಪ್ಪತ್ತೆರಡು ವರ್ಷ ಊರಿನ ಸುಳ್ಳುಗಳನ್ನೆಲ್ಲ ಹಿಡಿದವಳ ಮನೆಯಂಗಳದಲ್ಲೇ ಬಿಸಿ ಎಂಜಿನ್ನು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ನಾನು ಆ ಪಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಜಾಹೀರಾತಿನ ಫೋಟೋ ನೋಡುವ ಹಾಗೆ ನೋಡಿದೆ. ಪೇಂಟು ಸವೆದದ್ದು ತುದಿಯಲ್ಲಲ್ಲ, ನಡುವೆ, ಎರಡು ಕಡೆ, ಅಕ್ಕಪಕ್ಕ. ಎರಡು ಹಿಮ್ಮಡಿಗಳಷ್ಟು ಅಗಲ. ದೊಡ್ಡ ಹಿಮ್ಮಡಿಗಳು. ಪಟ್ಟಿಯ ಸಂದಿಯಲ್ಲಿ ಒಂದು ಸಣ್ಣ ಚೂರು ನೀಲಿ ರಬ್ಬರ್ ಸಿಕ್ಕಿಕೊಂಡಿತ್ತು. ನಮ್ಮ ಮನೆಯಲ್ಲಿ ನೀಲಿ ಹವಾಯಿ ಚಪ್ಪಲಿ ಇರುವುದು ಒಬ್ಬರಿಗೆ ಮಾತ್ರ.

"ರೀ" ಎಂದು ಕೂಗಿದೆ.

ಅವರು ಬಾಗಿಲಲ್ಲೇ ನಿಂತಿದ್ದರು, ಎಲ್ಲ ಕೇಳಿಸಿಕೊಂಡು. ಹಿಂದೆ ಮಹಡಿಯ ಬಾಡಿಗೆಯವರು. ಅವರು ಪೀಣ್ಯದಲ್ಲಿ ಲೇತ್ ಕೆಲಸದವರು, ರಾತ್ರಿ ಪಾಳಿ ಮುಗಿಸಿ ನಾನು ವಾಕಿಂಗಿಗೆ ಹೊರಡುವ ಹೊತ್ತಿಗೆ ಬರುವವರು. ನನ್ನನ್ನು ನೋಡಿ ತಲೆ ತಗ್ಗಿಸಿದರು.

"ನಂದೇನೂ ಇಲ್ಲಕ್ಕ. ಕಿಕ್ ಹೊಡ್ದು ಕೊಡಿ ಅಂತಿದ್ರು, ಹೊಡ್ದು ಕೊಡ್ತಿದ್ದೆ" ಎಂದು ಹೇಳಿ ಮೆಟ್ಟಿಲು ಹತ್ತಿ ಹೋಗಿಬಿಟ್ಟರು.

ಯಜಮಾನರು ಮೆಲ್ಲಗೆ ಇಳಿದು ಬಂದರು. ಏನೂ ಹೇಳದೆ ಬೈಕಿನ ಎಡಗಡೆಗೆ ಬಂದು, ಬೆನ್ನು ಸೀಟಿಗೆ ತಾಗಿಸಿ ನಿಂತು, ಸೀಟಿನ ಮೇಲೆ ಕುಂಡೆಯೂರಿ, ಎರಡೂ ಪಾದಗಳನ್ನು ಒಂದರ ಪಕ್ಕ ಒಂದು ಆ ಪಟ್ಟಿಯ ಮೇಲಿಟ್ಟು ಕೂತರು. ಕಾಲು ಎತ್ತಲಿಲ್ಲ, ಬೀಸಲಿಲ್ಲ. ನಮ್ಮತ್ತೆ ನಮ್ಮ ಮಾವನ ಹಿಂದೆ ಕೂರುತ್ತಿದ್ದ ಹಾಗೆಯೇ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು.

"ಮೂರು ವಾರ ಆಯ್ತು ಕಣೇ. ಕ್ಲಿನಿಕ್ಕಿನ ಹುಡ್ಗೀನೂ ಕೇಳ್ದೆ, ಹೀಗಾದ್ರೆ ಪರವಾಗಿಲ್ಲ ಅಂದ್ಲು. ಎಂಜಿನ್ ಆಫ್ ಆಗಿದ್ರೆ ಕೂರೋದು ಸುಲಭ. ಆನ್ ಆದ್ರೆ ನಡುಗುತ್ತಲ್ಲ, ಅದು ಅಭ್ಯಾಸ ಆಗ್ಬೇಕಿತ್ತು."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಮೊದ್ಲು ನಗ್ತಿದ್ದೆ. ಆಮೇಲೆ ರಸ್ತೇಲಿ ಎಲ್ರೂ ನಗ್ತಾರೆ ಅಂತ ನನಗೋಸ್ಕರ ಬೇಡ ಅಂತಿದ್ದೆ. ಅದಕ್ಕೇ ಮೊದ್ಲು ಬೀಳ್ದೆ ಕೂರೋದು ಕಲ್ತು ತೋರಿಸೋಣ ಅಂತ."

ಅವರು ಹೇಳಿದ್ದು ಸರಿಯಾಗಿತ್ತು. ಹೀಗೊಂದು ದಾರಿಯಿದೆ ಎಂದು ನನಗೆ ಒಂದು ಸಲ ಹೊಳೆದದ್ದು ನಿಜ. ಕೇಳಲು ಬಾಯಿ ಬಂದಿರಲಿಲ್ಲ. ಪಂಚೆಯುಟ್ಟ ಹಿರಿಯರು ಹಾಗೆ ಕೂತದ್ದನ್ನು ನೋಡಿದ್ದೇನೆ, ಅದೂ ಮಗನ ಹಿಂದೆ, ಮೊಮ್ಮಗನ ಹಿಂದೆ. ಹೆಂಡತಿಯ ಹಿಂದೆ ಕೂರುವುದಕ್ಕೇ ಇಷ್ಟು ವರ್ಷ ಅಕ್ಕಪಕ್ಕದವರ ಕುಹಕ ಕೇಳಿಸಿಕೊಂಡವರು ಅವರು. ಅಂಥವರಿಗೆ ಇನ್ನು ಒಂದೇ ಕಡೆ ಕಾಲು ಹಾಕಿ ಕೂರಿ ಎಂದು ನಾನು ಹೇಗೆ ಹೇಳಲಿ ಎಂದುಕೊಂಡಿದ್ದೆ. ನನ್ನ ಬೈಕು ಉಳಿಯಲೆಂದು ಅವರು ಮೂರು ವಾರದಿಂದ ಬೆಳಿಗ್ಗೆ ಏಳು ಗಂಟೆಗೆ, ಬಾಡಿಗೆಯವರ ಮುಂದೆ, ನಿಂತ ಬೈಕಿನ ಮೇಲೆ ನಡುಗುತ್ತಾ ಕೂತಿದ್ದರು. ನನಗೆ ಅಳು ಬಂತು. ಅತ್ತುಬಿಟ್ಟೆ ಕೂಡ, ಗೇಟಿನ ಹತ್ತಿರವೇ, ಯಾರು ನೋಡಿದರೂ ನೋಡಲಿ ಎಂದು.

ಆ ಭಾನುವಾರ ಅವರು ಪಂಚೆ ಉಟ್ಟುಕೊಂಡು ಬಂದರು. ಪ್ಯಾಂಟಿಗಿಂತ ಇದು ಆರಾಮ ಎಂದರು. ನಾನು ಚೋಕ್ ಎಳೆದು ನಾಲ್ಕು ಕಿಕ್ ಹೊಡೆದೆ. ಎದುರು ಮನೆಯ ಮುಂದೆ ರಂಗೋಲಿ ಹಾಕುತ್ತಿದ್ದವಳು ಕೈಯಲ್ಲಿ ಪುಡಿ ಹಿಡಿದುಕೊಂಡೇ ನೆಟ್ಟಗಾದಳು. ನಗು ತಡೆಯಲು ಅವಳು ಪಟ್ಟ ಕಷ್ಟ ಕನ್ನಡಿಯಲ್ಲಿ ನನಗೆ ಕಾಣಿಸಿತು. ಯಜಮಾನರಿಗೂ ಕಂಡಿರಬೇಕು. ಒಂದು ಕೈಯಿಂದ ನನ್ನ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯನ್ನು ಅವಳಿಗೆ ಬೀಸಿದರು.

"ಮೆಲ್ಲಗೆ ಹೋಗೇ. ಪಂಚೆ ಸಿಕ್ಕೊಂಡೀತು."

"ಸಿಕ್ಕಲ್ಲ. ಗಾರ್ಡ್ ಇದೆ."

ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ಅವರ ಮಾತು ಶುರುವಾಗಿತ್ತು. ಆಪರೇಷನ್ನಿನ ಹಿಂದಿನ ದಿನ ಎಷ್ಟು ಹೆದರಿದ್ದರೆಂದು ನನಗೆ ಅವತ್ತು ಗೊತ್ತಾಯಿತು. ಒಂದೇ ಕಡೆ ಕೂತದ್ದರಿಂದ ಮಾತು ಈಗ ಎಡಗಿವಿಯ ಕಡೆಯಿಂದ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಕೆಂಗೇರಿಯ ಹೋಟೆಲಿನಲ್ಲಿ ದೋಸೆ ತಿನ್ನುತ್ತಿರುವಾಗ ನನ್ನ ಫೋನ್ ಬಡಿದುಕೊಂಡಿತು. ಜಾಹೀರಾತು ತೆಗೆಯುವುದನ್ನು ಮರೆತಿದ್ದೆ. ಕೈ ಚಟ್ನಿಯಾಗಿದ್ದರಿಂದ ಯಜಮಾನರೇ ತೆಗೆದುಕೊಂಡರು.

"ಇಲ್ಲ ಸಾರ್, ಆ ಗಾಡಿ ಮಾರೋದಿಲ್ಲ" ಎಂದರು. ಆ ಕಡೆಯವರು ಏನೋ ಕೇಳಿದರು. "ಓಡ್ಸೋದು ನಮ್ಮನೆಯವರೇ. ಅಲ್ಲಿ ಬರೆದಿದ್ದೆಲ್ಲ ನಿಜ ಸಾರ್. ಒಂದೇ ಒಂದು ಸುಳ್ಳು. ಸೀರೆ ಗಾರ್ಡ್ ಬಳಸಿದೀವಿ."